ಹೆಡಗೆಯಿಂದ ಬಿಳಿ ಹುಡಿ ಉದುರುತ್ತಿದೆ, ಬಿದಿರು ಕಡಿದದ್ದೇ ತಪ್ಪಾಯಿತೇ?

ಅಡಕೆತೋಟ:
ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹೆಡಗೆ ಹೆಣೆಯುವವರು ಸಿಗುವುದೇ ಕಷ್ಟವಾಗಿದೆ. ರಜೆಯಲ್ಲಿ ಶಾಲೆ ಮಕ್ಕಳಿಗೆ ಹೆಣಿಗೆ ಶಿಬಿರ ಮಾಡುವ ಯೋಚನೆ. ಏಪ್ರಿಲಿನಲ್ಲಿ ಕಡಿದು ಹಸಿಯಲ್ಲೇ ಹೆಣೆದ ಮಾದರಿ ಹೆಡಗೆಗಳಿಂದ ಈಗ ಹುಡಿ ಉದುರುತ್ತಿದೆ, ಬಾಯಿಯ ಕಟ್ಟೂ ಸಡಿಲ. ಎಲ್ಲಿ ತಪ್ಪಿತು?

ಓಟೆಬಿದಿರು:
ತಿಂಗಳೇ ತಪ್ಪು. ಮಳೆಗಾಲದಲ್ಲಿ ಕಳಲೆ ಎಬ್ಬಿಸಲು ಬಿದಿರಿನ ಪಿಷ್ಟ ಖರ್ಚಾಗುತ್ತದೆ, ಬೇಸಗೆಗೆ ಗಳದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಬಿದಿರು ಕೊರೆದು ಹುಡಿ ಉದುರಿಸುವ ಕುಟ್ಟೆ ಹುಳ ಬರುವುದು ಆ ಪಿಷ್ಟಕ್ಕೆ. ತುಲಾ ಮಳೆ (ಹಿಂಗಾರು) ಬಿಟ್ಟ ಮೇಲೆ, ನವೆಂಬರ್-ಡಿಸೆಂಬರಿನಲ್ಲಿ ಕಡಿಯಿರಿ. ಒಂದೆರಡು ವರ್ಷದ ಗಳ ಆರಿಸಿ. ವರ್ಷ ತುಂಬದ್ದು ಒಣಗಿದಾಗ ಮುರುಟುತ್ತದೆ, ಮೂರು ದಾಟಿದ್ದು ಬಗ್ಗಿಸಿದರೆ ಲಟಕ್ಕೆಂದು ತುಂಡಾಗುತ್ತದೆ. ಕಡಿದದ್ದನ್ನು ತೋಡಿನ ಹರಿಯುವ ನೀರಿನಲ್ಲಿ ಕಲ್ಲು ಹೇರಿ ಎರಡು-ಮೂರು ವಾರ ಮುಳುಗಿಸಿಡಿ. ನಿಂತ ನೀರಾದರೆ ಆಗಾಗ ಬದಲಿಸಬೇಕು, ಇಲ್ಲದಿದ್ದರೆ ಆ ನಾತಕ್ಕೆ ಮಕ್ಕಳು ಶಿಬಿರದಿಂದಲೇ ಓಡಿಯಾರು!

ಕಟ್ಟು ಸಡಿಲಾಗಲು ಕಾರಣ ಬೇರೆ: ಹಸಿ ಸೀಳು ಒಣಗುತ್ತಾ ಕುಗ್ಗುತ್ತದೆ. ಸೀಳಿ, ನೆರಳಿನಲ್ಲಿ ಒಣಗಿಸಿ, ಹೆಣೆಯುವ ಮೊದಲು ಅರ್ಧ ಗಂಟೆ ನೆನೆಸಿ. ಬಾಯಿಗೆ ಹೊರಸಿಪ್ಪೆಯ ಸೀಳೇ ಆಗಬೇಕು. ಒಳತಿರುಳಿನದ್ದು ಭಾರ ತಡೆಯದು, ಹುಳಕ್ಕೂ ಅದೇ ಇಷ್ಟ.

ಕುಂಬಳೆನೋಟ:
ತೋಡು ಇಲ್ಲದಿದ್ದರೆ 100 ಲೀಟರ್ ನೀರಿಗೆ 3 ಕಿಲೋ ಬೋರಾಕ್ಸ್, 2 ಕಿಲೋ ಬೋರಿಕ್ ಆಸಿಡ್ ಕರಗಿಸಿ ಸೀಳುಗಳನ್ನು ಒಂದು ದಿನ ಮುಳುಗಿಸಿ. ಮಣ್ಣು, ಗೊಬ್ಬರ ಹೊರುವ ಹೆಡಗೆಗೆ ಮಾತ್ರ ಇದು. ಅಕ್ಕಿ ಕೇರುವ ಗೆರಸೆಗೆ ಖಂಡಿತ ಬೇಡ. ಹಿಂದೆ ಇವೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಿದ್ದವು. ಅಡುಗೆಮನೆಗೆ ಗ್ಯಾಸ್ ಬಂತು, ಹೆಡಗೆಗೆ ಹುಳ ಬಂತು.

ಗಡಿನಾಡು:
ಶಿಬಿರ ಮಾಡಿ, ಆದರೆ ಕಲಿಯುವವರಿಲ್ಲದ್ದೊಂದೇ ಕಾರಣವಲ್ಲ. ಇಲ್ಲಿ ಹೆಣಿಗೆ ಕೊರಗ ಬುಡಕಟ್ಟಿನವರ ಕುಲಕಸುಬು. ಕಾಡಿನ ಬಿದಿರು, ಬಳ್ಳಿ ಅವರ ಕೈಗೆ ಸಿಗದಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದೇ, ಅಂದರೆ ಅರಣ್ಯವಾಸಿಗಳು ಸಂಗ್ರಹಿಸಬಹುದಾದದ್ದೆಂದೇ ಹೇಳುತ್ತದೆ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯ್ದೆಯ 2017ರ ತಿದ್ದುಪಡಿ ‘ಮರ’ದ ಪಟ್ಟಿಯಿಂದ ತೆಗೆದಿದೆ. ತೋಟದ ಬದಿಯಲ್ಲಿ ನಾಲ್ಕು ಮೆಳೆ ಬೆಳೆಸಿ. ಕಲಿಸಲು ಕೊರಗರನ್ನೇ ಕರೆಯಿರಿ, ದಿನದ ಕೂಲಿಗೆ ಕಡಿಮೆಯಾಗದಂತೆ ಕೊಡಿ. ಕಡಿದು, ಸೀಳಿ, ಹೆರೆದು, ಹೆಣೆಯುವಷ್ಟರಲ್ಲಿ ದಿನವೇ ಕಳೆಯುತ್ತದೆ. ಪ್ಲಾಸ್ಟಿಕ್ ಬುಟ್ಟಿಯ ರೇಟಿಗೆ ಕೇಳಿದರೆ ಯಾರು ಕೂರುತ್ತಾರೆ?

ಅಡಕೆತೋಟ:
ಸರಿ, ಡಿಸೆಂಬರಿಗೇ ಕಡಿಯುತ್ತೇವೆ. ಇನ್ನೊಂದು ಸಂಶಯ: ಹೆಣೆಯುವಾಗ 16 ನಿಲುವು ಸೀಳು (ಬುಡದಿಂದ ಮೇಲಕ್ಕೆ ನಿಲ್ಲುವವು) ಇಟ್ಟರೆ ಅಡ್ಡ ಸೀಳಿನ ಎರಡನೇ ಸುತ್ತೂ ಮೊದಲಿನ ದಾರಿಯಲ್ಲೇ ಹೋಗುತ್ತದಲ್ಲ?

ಓಟೆಬಿದಿರು:
ಒಂಟಿ ಸೀಳಿನಲ್ಲಿ ಸುತ್ತುವಾಗ ನಿಲುವು ಬೆಸವೇ ಇರಬೇಕು. ಒಂದನ್ನು ನಡುವೆ ಸೀಳಿ 17 ಮಾಡಿ, ಒಳಗೆ-ಹೊರಗೆ ತಾನಾಗಿ ಅದಲುಬದಲಾಗುತ್ತದೆ.