ಅಪ್‌ಡೇಟ್: ಪೈಥಾನ್‌ನಲ್ಲಿ ಹೆಸರಿನಿಂದ ಒಳಗಿನ ಕ್ಲಾಸ್ ಹುಡುಕುವುದು, ಕೊನೆಗೂ ಆಯ್ತು

ಸೆಟ್ಟಿಂಗ್ಸ್ ಫೈಲಿನಲ್ಲಿ 'ರಿಪೋರ್ಟ್.ಹೆಡರ್' ಅಂತ ಬರೆದಿದ್ದರೆ, ರಿಪೋರ್ಟ್ ಕ್ಲಾಸಿನೊಳಗಿನ ಹೆಡರ್ ಕ್ಲಾಸ್ ಸಿಗುವುದು ಹೇಗೆ ಅಂತ ಹೋದ ವಾರ ಕೇಳಿದ್ದೆ.

ಹೆಸರು ಕೊಟ್ಟರೆ ಒಳಗಿರುವುದನ್ನು ತಂದುಕೊಡುವ ಗೆಟ್‌ಆಟ್ರ್ ಫಂಕ್ಷನ್‌ಗೆ ಇಡೀ ಹೆಸರನ್ನು ಒಟ್ಟಿಗೆ ಕೊಟ್ಟಾಗಲೆಲ್ಲ ಆಟ್ರಿಬ್ಯೂಟ್ ಎರರ್ ಬರುತ್ತಿತ್ತು. ಅದಕ್ಕೆ ಚುಕ್ಕಿಯ ಅರ್ಥವೇ ಗೊತ್ತಿಲ್ಲ, 'ರಿಪೋರ್ಟ್.ಹೆಡರ್' ಅನ್ನುವ ಒಂದೇ ಹೆಸರು ಅಂದುಕೊಂಡು ಹುಡುಕುತ್ತದೆ. ಇಂಪೋರ್ಟ್ ಮಾಡಿ ನೋಡಿ ಅಂತ ಕೆಲವರು ಅಂದಿದ್ದೂ ಫಲಿಸಲಿಲ್ಲ, ಆ ರೀತಿ ಹೆಸರಿನಿಂದ ತರುವುದು ಮಾಡ್ಯೂಲ್‌ಗಳಿಗೆ (ಅಂದರೆ ಕೋಡ್ ಫೈಲುಗಳಿಗೆ) ಮಾತ್ರ. ಕೊಟ್ಟ ಪಠ್ಯವನ್ನು ಕೋಡ್ ಅಂತಲೇ ಓಡಿಸುವ ಇವಾಲ್ ಕೆಲಸ ಮಾಡಿತು ನಿಜ. ಆದರೆ ಯಾರೋ ಬರೆದ ಫೈಲನ್ನು ಇವಾಲ್‌ಗೆ ಕೊಡುವಷ್ಟು ಧೈರ್ಯ ನನಗಿಲ್ಲಪ್ಪ.

ಗೆದ್ದಿದ್ದು ಹೆಸರನ್ನು ಚುಕ್ಕಿಯಲ್ಲಿ ಒಡೆಯುವ ಸಲಹೆ. ಮೊದಲು ಮಾಡ್ಯೂಲಿನಿಂದ ರಿಪೋರ್ಟ್, ಆಮೇಲೆ ಅದರಿಂದ ಹೆಡರ್, ಹೀಗೆ ಒಂದೊಂದೇ ಮೆಟ್ಟಿಲು. ಮೂರೇ ಸಾಲು! ಪೈಥಾನ್ ಜೊತೆಗೇ ಬರುವ ಆಪರೇಟರ್ ಮಾಡ್ಯೂಲಿನ ಆಟ್ರ್‌ಗೆಟರ್ ಇದನ್ನೇ ಸುಮ್ನೆ ಒಂದು ಸಾಲಿನಲ್ಲಿ ಮಾಡುತ್ತದೆ. ಈಗ ಅದನ್ನೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ವಿಷಯ ಗೊತ್ತೇ ಇರಲಿಲ್ಲ. ಕ್ಲಾಸಿನ ನೇಮ್ ಕೇಳಿದರೆ ಬರೀ 'ಹೆಡರ್' ಬರುತ್ತದೆ. ಪೂರ್ತಿ 'ರಿಪೋರ್ಟ್.ಹೆಡರ್' ಬೇಕಿದ್ದರೆ ಕ್ವಾಲ್‌ನೇಮ್ ಕೇಳಬೇಕು, ಅದು ಪೈಥಾನ್ 3.3ರಿಂದ ಇದೆ. ಫಂಕ್ಷನ್ ಒಳಗೆ ಬರೆದ ಕ್ಲಾಸಾದರೆ ಆ ಹೆಸರಿನ ನಡುವೆ 'ಲೋಕಲ್ಸ್' ಅಂತ ಸೇರಿರುತ್ತದೆ. ಅಂಥದ್ದನ್ನು ಹೀಗೆ ಹುಡುಕಲು ಆಗುವುದಿಲ್ಲ. ನಾನು ಅದರಲ್ಲೇ ಅರ್ಧ ದಿನ ಕಳೆದೆ.