ಮಾರ್ಚ್‌ನಲ್ಲಿ ಚೆನ್ನಾಗಿದ್ದ ಟವರ್ ಲಿಂಕ್ ಮಳೆಗಾಲದಲ್ಲಿ ಕೈಕೊಟ್ಟಿದೆ, ಎಲ್ಲಿಂದ ಹುಡುಕಲಿ?

ಕೇಳಿದವರು, ಹಾವೇರಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಹಾವೇರಿ–ಹಾನಗಲ್ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ ನಮ್ಮದು. ಮೊದಲು ಕೇಬಲ್ ಟಿವಿ ನಡೆಸುತ್ತಿದ್ದೆ. ಈಗ ಎರಡು ವರ್ಷದಿಂದ ವೈರ್‌ಲೆಸ್ ಇಂಟರ್ನೆಟ್ ಕೊಡುತ್ತಿದ್ದೇನೆ. ಅರವತ್ತು ಮನೆ, ಒಂದು ಶಾಲೆ, ಒಂದು ಸೊಸೈಟಿ.

ಹಾವೇರಿಯ ಒಂದು ಕಟ್ಟಡದ ಮೇಲಿನಿಂದ ನಮ್ಮೂರಿನ 80 ಅಡಿ ಟವರ್‌ಗೆ 8 ಕಿಲೋಮೀಟರ್ ಲಿಂಕ್ ಇದೆ. ಎರಡೂ ಕಡೆ 25 ಡಿಬಿಐ ಬಲದ ಡಿಶ್. ಫ್ರೀಕ್ವೆನ್ಸಿ 5825 ಮೆಗಾಹರ್ಟ್ಸ್, ಚಾನೆಲ್ ಅಗಲ 40. ಮಾರ್ಚ್‌ನಲ್ಲಿ ಹೊಸ ರೇಡಿಯೊ ಹಾಕಿದಾಗ ಸಿಗ್ನಲ್ -65 ಡಿಬಿಎಂ ಇತ್ತು (ಸೊನ್ನೆಗೆ ಹತ್ತಿರ ಇದ್ದಷ್ಟೂ ಜೋರು), ಸ್ಪೀಡ್ 120 ಎಂಬಿಪಿಎಸ್ ಬರುತ್ತಿತ್ತು. ಈಗ ಸಿಗ್ನಲ್ -68. ಬರೀ ಮೂರು ಕಮ್ಮಿ ಆಗಿದೆ. ಆದರೆ ಸ್ಪೀಡ್ ಹಗಲು 35, ಸಂಜೆ ಏಳರ ಮೇಲೆ ಎಂಟೋ ಹತ್ತೋ. ಮಳೆ ಬಂದರೆ ಇನ್ನೂ ಕಷ್ಟ.

ರೇಡಿಯೊ ಕೊಟ್ಟವರು ದೊಡ್ಡ ಡಿಶ್ ಹಾಕಿ ಎನ್ನುತ್ತಾರೆ. ಸೊಸೈಟಿ ಸೆಕ್ರೆಟರಿ ದಿನಾ ಬೆಳಿಗ್ಗೆ ಫೋನ್ ಮಾಡಿ "ಏನಾತಪಾ?" ಅಂತ ಕೇಳ್ತಾರೆ. ದುಡ್ಡು ಹಾಕುವ ಮೊದಲು ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿಯಿಂದ

ಅಣ್ಣ, ಸುಮ್ನೆ ತಲೆ ಕೆಡಿಸ್ಕೋಬೇಡಿ. ರೇಡಿಯೊದಲ್ಲಿ ದೇಶದ ಸೆಟ್ಟಿಂಗ್ ಬದಲಿಸಿ ಪವರ್ ಪೂರ್ತಿ ಏರಿಸಿ. ನಾವು ಮೊದಲು ಹಾಗೇ ಮಾಡುತ್ತಿದ್ದೆವು. ಆಗಲಿಲ್ಲ ಅಂದರೆ ಡಿಶ್ ಬದಲಿಸಿ.

ಧಾರವಾಡದಿಂದ

ಮೇಲಿನವರು ಬೇಜಾರು ಮಾಡ್ಕೋಬಾರದು, ಆದರೆ ಅದನ್ನು ಮಾತ್ರ ಮಾಡಬೇಡಿ. ನಾನು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಆ ತಪ್ಪು ನಾನೂ ಮಾಡಿದ್ದೇನೆ. ಪವರ್ ಪೂರ್ತಿ ಏರಿಸಿದರೆ ರೇಡಿಯೊ ಕೂಗುತ್ತದೆ, ಆದರೆ ಮಾತು ಒಡೆಯುತ್ತದೆ. ಜಾತ್ರೆಯ ಮೈಕ್ ಕೇಳಿದ್ದೀರಲ್ವಾ? ಹಾಗೆ. ಸಿಗ್ನಲ್ ನಂಬರ್ ಚಂದ ಕಾಣುತ್ತದೆ, ಸ್ಪೀಡ್ ಇನ್ನೂ ಇಳಿಯುತ್ತದೆ. ಜೊತೆಗೆ ಇದು ಲೈಸೆನ್ಸ್ ಇಲ್ಲದೆ ಎಲ್ಲರೂ ಬಳಸುವ ಫ್ರೀಕ್ವೆನ್ಸಿ ಪಟ್ಟಿ. 2018ರಲ್ಲಿ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಹೀಗೆ ಬಳಸುವ ಜಾಗ ಹೆಚ್ಚಾಯಿತು. ಆದರೆ ಮಿತಿ ಇದ್ದೇ ಇದೆ. 5725ರಿಂದ 5875ರವರೆಗೆ ರೇಡಿಯೊ ಪವರ್ ಮತ್ತು ಡಿಶ್ ಬಲ ಕೂಡಿಸಿದರೆ 36 ಡಿಬಿಎಂ ದಾಟಬಾರದು. ದೊಡ್ಡ ಡಿಶ್ ಹಾಕಿದರೂ ಅಷ್ಟು ಪವರ್ ಇಳಿಸಲೇಬೇಕು.

ಈಗ ನಿಮ್ಮ ಲೆಕ್ಕ ನೋಡೋಣ. 8 ಕಿಲೋಮೀಟರ್ ಗಾಳಿಯಲ್ಲಿ 5.8 ಗಿಗಾಹರ್ಟ್ಸ್ ಸುಮಾರು 126 ಡಿಬಿ ಕಳೆದುಕೊಳ್ಳುತ್ತದೆ. ಕಳಿಸುವ ಕಡೆ 36, ಕೇಳುವ ಡಿಶ್ 25. ಕೂಡಿ ಕಳೆದರೆ -65. ಮಾರ್ಚ್‌ನಲ್ಲಿ ನಿಮಗೆ ಬಂದದ್ದೂ ಅದೇ. ಅಂದರೆ ಡಿಶ್ ಸರಿಯಾಗಿ ಕೂತಿತ್ತು, ದಾರಿಯೂ ತೆರೆದಿತ್ತು. ಈ ಲೆಕ್ಕ ಪ್ರತಿ ಲಿಂಕ್‌ಗೂ ಮಾಡಿ ಟವರ್ ಬುಡದ ಪೆಟ್ಟಿಗೆಯಲ್ಲಿ ಚೀಟಿ ಅಂಟಿಸಿ ಇಡಿ. ನಾನು ಇಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ.

"ಬರೀ ಮೂರು ಕಮ್ಮಿ" ಅಂದಿರಲ್ಲ, ನನಗೆ ಅನುಮಾನ ಬಂದದ್ದೇ ಅಲ್ಲಿ. ರೇಡಿಯೊಗೆ ಎರಡು ಚೈನ್ ಇರುತ್ತದೆ, ಅಂದರೆ ಸಿಗ್ನಲ್ ಹೋಗಿಬರುವ ಎರಡು ಸಾಲು, ಒಂದು ಅಡ್ಡ, ಒಂದು ನೆಟ್ಟಗೆ. ಪರದೆಯ ಮೇಲೆ ಮೊದಲು ಕಾಣುವ ನಂಬರ್ ಎರಡನ್ನೂ ಕೂಡಿಸಿದ್ದು. ಎರಡೂ -68 ಇದ್ದರೆ ಒಟ್ಟು -65 ಆಗುತ್ತದೆ. ಅದರಲ್ಲಿ ಒಂದು ಚೈನ್ ಪೂರ್ತಿ ಸತ್ತರೂ ಒಟ್ಟು ಮೂರೇ ಇಳಿದು -68 ತೋರಿಸುತ್ತದೆ! ಒಂದು ಕಾಲು ಮುರಿದವನ ತೂಕ ನೋಡಿ "ಆರೋಗ್ಯವಾಗಿದ್ದಾನೆ" ಅಂದಂತೆ. ಡೇಟಾ ಎರಡು ಸಾಲಿನಲ್ಲಿ ಹೋಗುವುದು ನಿಂತು ಒಂದೇ ಸಾಲಿಗೆ ಬರುತ್ತದೆ, ಅದೂ ಎಡವುತ್ತಾ. ಮೊದಲು ಚೈನ್ 0, ಚೈನ್ 1 ಬೇರೆ ಬೇರೆ ನೋಡಿ ಹೇಳಿ. ಎರಡೂ ಊರಿನ ರೇಡಿಯೊದಲ್ಲಿ ನೋಡಿ. ಒಣ ಹಗಲಲ್ಲಿ ಒಮ್ಮೆ, ಮಳೆಯಲ್ಲಿ ಒಮ್ಮೆ, ಸಂಜೆ ಎಂಟಕ್ಕೆ ಒಮ್ಮೆ. ನಾಯ್ಸ್, ಅಂದರೆ ಸುತ್ತಲಿನ ಗದ್ದಲ, ಎಷ್ಟು ಅಂತಲೂ ಬರೆದುಕೊಳ್ಳಿ. ಅಲ್ಲಿಯವರೆಗೆ ಟವರ್ ಹತ್ತಬೇಡಿ.

ಗದಗದಿಂದ

ನಮ್ಮ ಕಡೆ ಗಾಳಿಯದೇ ಕಾಟ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ನೋಡಿ. ಆಷಾಢದ ಗಾಳಿಗೆ ಡಿಶ್ ಕೂದಲೆಳೆಯಷ್ಟು ತಿರುಗಿದರೂ ಸಾಕು. 30 ಡಿಬಿಐ ಡಿಶ್‌ನ ಕಿರಣ ಐದಾರು ಡಿಗ್ರಿ ಅಷ್ಟೇ ಅಗಲ. ಕ್ಲ್ಯಾಂಪ್ ಬಿಗಿ ಇದ್ದರೂ ಪೈಪೇ ತಿರುಗುವುದುಂಟು. ಅದಕ್ಕೆ ನಾವು ಡಿಶ್ ಕೂರಿಸಿದ ಮೇಲೆ ಪೈಪ್ ಮತ್ತು ಕ್ಲ್ಯಾಂಪ್ ಎರಡಕ್ಕೂ ಸೇರಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯುತ್ತೇವೆ. ಮುಂದಿನ ಸಲ ಗೆರೆ ಒಡೆದಿದ್ದರೆ ತಿರುಗಿದೆ ಅಂತ ಅರ್ಥ. ದುರ್ಬೀನು ಹಿಡಿದು ಕೆಳಗಿನಿಂದಲೇ ನೋಡಬಹುದು.

ಇನ್ನೊಂದು ಅನುಭವ. ಒಂದು ಲಿಂಕ್ ಲೆಕ್ಕದ ಪ್ರಕಾರ -58 ಬರಬೇಕು, -75 ಬರುತ್ತಿತ್ತು. ಎರಡು ತಿಂಗಳು ರೇಡಿಯೊವನ್ನು ಬೈದೆವು. ಕೊನೆಗೆ ನೋಡಿದರೆ ಹುಡುಗ ಡಿಶ್ ತಿರುಗಿಸುವಾಗ ಮೊದಲು ಸಿಕ್ಕ ಏರಿಕೆಗೇ ಬೋಲ್ಟ್ ಬಿಗಿದಿದ್ದ. ಡಿಶ್‌ಗೆ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಕಿರಣಗಳೂ ಇರುತ್ತವೆ, ಅವನಿಗೆ ಸಿಕ್ಕದ್ದು ಅದು. ಏರಿ ಇಳಿದು, ಮತ್ತೆ ಜಾಸ್ತಿ ಏರಿ ಇಳಿಯುವ ತನಕ ತಿರುಗಿಸಬೇಕು. ನಿಮ್ಮದು ಮಾರ್ಚ್‌ನಲ್ಲಿ ಲೆಕ್ಕಕ್ಕೆ ಸರಿ ಬಂದಿದೆ, ಹಾಗಾಗಿ ಇದು ನಿಮಗಲ್ಲ. ಓದುವ ಬೇರೆಯವರಿಗೆ ಇರಲಿ ಅಂತ ಬರೆದೆ.

ಕೇಳಿದವರು

ಧಾರವಾಡದ ಸರ್, ನೀವು ಹೇಳಿದ್ದೇ ಸರಿ! ನಮ್ಮೂರಿನ ರೇಡಿಯೊದಲ್ಲಿ ಒಣ ಹಗಲು ಚೈನ್ 0 -68, ಚೈನ್ 1 -84. ಹಾವೇರಿಯಲ್ಲೂ ಹೆಚ್ಚುಕಮ್ಮಿ ಅದೇ. ಮಳೆಯಲ್ಲಿ ಎರಡೂ ಇನ್ನೂ ಐದೈದು ಇಳಿಯುತ್ತವೆ. ಸಂಜೆ ಸಿಗ್ನಲ್ ಇಳಿಯುವುದೇ ಇಲ್ಲ, ಆದರೆ ನಮ್ಮೂರಿನಲ್ಲಿ ನಾಯ್ಸ್ -94ರಿಂದ -80ಕ್ಕೆ ಏರುತ್ತದೆ. ಹಾವೇರಿಯಲ್ಲಿ ಏರುವುದಿಲ್ಲ. ಮತ್ತೊಂದು ಪ್ರಶ್ನೆ: ಧಾರವಾಡ ಆಕಾಶವಾಣಿಯಿಂದ ಅಡ್ಡಿ ಆಗಬಹುದಾ? ಊರಲ್ಲಿ ಒಬ್ಬರು ಹಾಗೆ ಹೇಳಿದರು.

ಧಾರವಾಡದಿಂದ

ಆಕಾಶವಾಣಿಯನ್ನು ಬಿಟ್ಟುಬಿಡಿ! ಅದು 765 ಕಿಲೋಹರ್ಟ್ಸ್, ನಿಮ್ಮದು 5825 ಮೆಗಾಹರ್ಟ್ಸ್. ಏಳು ಸಾವಿರಕ್ಕೂ ಹೆಚ್ಚು ಪಟ್ಟು ಅಂತರ. ಮೀಡಿಯಂ ವೇವ್ ಮಾಸ್ಟ್‌ನ ಪಕ್ಕದಲ್ಲೇ ಇದ್ದವರ ಲ್ಯಾನ್ ಕೇಬಲ್‌ಗೆ ತೊಂದರೆ ಆಗಬಹುದು. ನೀವಿರುವುದು ಹಾವೇರಿ ಕಡೆ.

ನಿಮ್ಮ ನಂಬರ್ ನೋಡಿದರೆ ಇಲ್ಲಿರುವುದು ಒಂದು ತೊಂದರೆ ಅಲ್ಲ, ಮೂರು. ಎಲ್ಲ ಒಂದೇ ಕಾಲಕ್ಕೆ ಬಂದಿದ್ದರಿಂದ ಒಂದೇ ಅನಿಸಿದೆ.

ಒಂದು ಚೈನ್ ಮಾತ್ರ ಇಳಿದಿದ್ದರೆ ಅದು ಸಾಮಾನಿನ ದೋಷ. ಕೇಬಲ್, ಕನೆಕ್ಟರ್, ಇಲ್ಲವೇ ರೇಡಿಯೊದ ಪೋರ್ಟ್. ಎರಡೂ ಚೈನ್ ಜೊತೆಗೇ ಇಳಿದರೆ ದಾರಿಯ ದೋಷ. ಸಿಗ್ನಲ್ ಇಳಿಯದೆ ನಾಯ್ಸ್ ಏರಿದರೆ ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದಾರೆ ಅಂತ. ಅದೂ ಒಂದೇ ಊರಿನಲ್ಲಿ ಏರಿದರೆ ಮಾತಾಡುವವರು ಆ ಊರಿನಲ್ಲೇ ಇದ್ದಾರೆ.

ಮೊದಲನೆಯದಕ್ಕೆ ಹೀಗೆ ಮಾಡಿ. ನಿಮ್ಮೂರಿನ ರೇಡಿಯೊದಲ್ಲಿ ಎರಡು ಪಿಗ್‌ಟೇಲ್ (ರೇಡಿಯೊದಿಂದ ಡಿಶ್‌ಗೆ ಹೋಗುವ ಗಿಡ್ಡ ಕೇಬಲ್) ಅದಲು ಬದಲು ಮಾಡಿ. ಆ ರೇಡಿಯೊದಲ್ಲಿ ಇಳಿಕೆ ಚೈನ್ 0ಗೆ ಹಾರಿದರೆ ರೇಡಿಯೊ ಸರಿ ಇದೆ, ಕೇಬಲ್‌ನಿಂದ ಆಚೆ ಹುಡುಕಬೇಕು. ಚೈನ್ 1ರಲ್ಲೇ ಉಳಿದರೆ ರೇಡಿಯೊದ ಪೋರ್ಟ್ ಹೋಗಿದೆ. ಅಡ್ಡಮಳೆಯ ಸಿಡಿಲಿಗೆ ಹೀಗೆ ಅರ್ಧ ಸತ್ತ ರೇಡಿಯೊ ನಾನು ಕಂಡಿದ್ದೇನೆ, ಲೈಟ್ ಎಲ್ಲ ಉರಿಯುತ್ತಿರುತ್ತದೆ. ನಿಮ್ಮೂರಲ್ಲಿ ಏನೂ ಸಿಗದಿದ್ದರೆ ಹಾವೇರಿಯಲ್ಲೂ ಇದೇ.

ಇನ್ನು ಸಂಜೆಯದು. ನಿಮ್ಮ ಟವರ್ ಮೇಲೆ ಊರಿನ ಮನೆಗಳಿಗೆ ಕೊಡುವ ಸೆಕ್ಟರ್ ಆಂಟೆನಾ ಇದೆಯಲ್ವಾ? ಅದು ಯಾವ ಚಾನೆಲ್‌ನಲ್ಲಿದೆ?

ಕೇಳಿದವರು

5785, ಅಗಲ 40. ಡಿಶ್‌ನ ಕೆಳಗೆ ಎರಡೂವರೆ ಅಡಿಯಲ್ಲಿ ಕೂರಿಸಿದ್ದೇವೆ.

ಧಾರವಾಡದಿಂದ

ಸಿಕ್ಕಿತು. 5785 ಅಂದರೆ 5765ರಿಂದ 5805. ನಿಮ್ಮ ಲಿಂಕ್ 5805ರಿಂದ 5845. ಎರಡು ಹೊಲದ ನಡುವೆ ಬದುವೇ ಇಲ್ಲ. ಯಾವ ರೇಡಿಯೊವೂ ತನ್ನ ಚಾನೆಲ್‌ನ ಗೆರೆಯೊಳಗೆ ಕತ್ತರಿಸಿಟ್ಟಂತೆ ನಿಲ್ಲುವುದಿಲ್ಲ, ಸ್ವಲ್ಪ ಹೊರಗೆ ಸೋರುತ್ತದೆ. 8 ಕಿಲೋಮೀಟರ್ ಆಚೆಯ ಪಿಸುಮಾತು ಕೇಳಬೇಕಾದ ಡಿಶ್‌ನ ಕಿವಿಯಲ್ಲಿ ನಿಮ್ಮದೇ ಸೆಕ್ಟರ್ ಕೂಗುತ್ತಿದೆ. ಹಗಲು ಊರವರು ಹೊಲದಲ್ಲಿ ಇರುತ್ತಾರೆ, ಸೆಕ್ಟರ್ ಸುಮ್ಮನಿರುತ್ತದೆ. ಸಂಜೆ ಎಲ್ಲರೂ ಮೊಬೈಲ್ ಹಿಡಿದಾಗ ಸೆಕ್ಟರ್‌ಗೆ ಬಿಡುವಿಲ್ಲ.

ಪರೀಕ್ಷೆಗೆ ಸಂಜೆ ತನಕ ಕಾಯಬೇಡಿ. ಮಧ್ಯಾಹ್ನ ಸೆಕ್ಟರ್‌ನಿಂದ ಒಂದು ಮನೆಯ ರೇಡಿಯೊಗೆ ಬ್ಯಾಂಡ್‌ವಿಡ್ತ್ ಟೆಸ್ಟ್ ಓಡಿಸಿ. ಆಗ ಲಿಂಕ್‌ನ ನಾಯ್ಸ್ ಏರಿದರೆ ಕಳ್ಳ ಮನೆಯವನೇ.

ಹುಬ್ಬಳ್ಳಿಯಿಂದ

ಅಯ್ಯೋ, ನಮ್ಮ ಎರಡು ಟವರ್‌ನಲ್ಲೂ ಹೀಗೇ ಪಕ್ಕಪಕ್ಕ ಇದೆ. ಇಷ್ಟು ದಿನ ಬೇರೆ ಕಂಪನಿಯವರ ಅಡ್ಡಿ ಅಂದುಕೊಂಡು ಪವರ್ ಏರಿಸುತ್ತಾ ಹೋದೆ. ಪವರ್ ವಿಚಾರ ವಾಪಸ್ ತಗೊಂಡೆ.

ಊರೊಳಗಾದರೆ 5.8ರಲ್ಲಿ ಖಾಲಿ ಜಾಗ ಸಿಗುವುದೇ ಕಷ್ಟ. ಹಾಗಂತ 5500ರ ಕಡೆ ಹೋಗುವವರು ಒಂದು ನೆನಪಿಡಿ. ಅಲ್ಲಿ ರಾಡಾರ್‌ಗೆ ಮೊದಲ ಹಕ್ಕು. ರಾಡಾರ್ ಕೇಳಿಸಿತು ಅಂತ ರೇಡಿಯೊಗೆ ಅನಿಸಿದರೆ ತಾನಾಗಿ ಚಾನೆಲ್ ಬಿಟ್ಟು ಹೋಗುತ್ತದೆ. ಲಾಗ್ ನೋಡದೆ ನಾನು ಒಂದು ವಾರ ಕರೆಂಟ್ ತೊಂದರೆ ಅಂದುಕೊಂಡಿದ್ದೆ.

ಹಾನಗಲ್ ಕಡೆಯಿಂದ

ನಾನು ಟವರ್ ಹತ್ತುವವನು, ಲೆಕ್ಕ ಅಷ್ಟು ಬರುವುದಿಲ್ಲ. ಎರಡು ಮಾತು ಹೇಳ್ತೀನಿ.

ಮಳೆಯಿಂದ ಸಿಗ್ನಲ್ ಇಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ಈ ಫ್ರೀಕ್ವೆನ್ಸಿಗೆ ಮಳೆ ಹನಿ ಲೆಕ್ಕಕ್ಕೇ ಇಲ್ಲ. 60 ಗಿಗಾಹರ್ಟ್ಸ್ ರೇಡಿಯೊ ಆದರೆ ಮಾತು ಬೇರೆ. 5 ಗಿಗಾಹರ್ಟ್ಸ್‌ನಲ್ಲಿ ಮಳೆಗೆ ಇಳಿದರೆ ನೀರು ಎಲ್ಲೋ ಒಳಗೆ ಹೋಗಿದೆ, ಇಲ್ಲಾ ಗಿಡ ನೆನೆದಿದೆ. ಮಾರ್ಚ್‌ನಲ್ಲಿ ಹಾಕಿದೆ ಅಂದಿರಿ. ಆಗ ನಮ್ಮ ಕಡೆ ಸಾಗವಾನಿ ಎಲೆ ಉದುರಿಸಿ ಕೋಲಿನಂತೆ ನಿಂತಿರುತ್ತದೆ, ಆಚೆ ಊರು ಕಾಣುತ್ತದೆ. ಮಿರಗ ಮಳೆ ಬಿದ್ದು ಹದಿನೈದು ದಿನಕ್ಕೆ ಮೊರದಷ್ಟು ಅಗಲದ ಎಲೆ. ಅದು ನೆನೆದರೆ ಗೋಡೆ ಕಟ್ಟಿದ ಹಾಗೆ. ಟವರ್ ಮೇಲೆ ನಿಂತು ಹಾವೇರಿ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ.

ಮತ್ತೆ ಕನೆಕ್ಟರ್. ಬರೀ ಕರೀ ಇನ್ಸುಲೇಶನ್ ಟೇಪ್ ಸುತ್ತಿದ್ದರೆ ಒಂದು ಬೇಸಿಗೆಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಎಳೆದು ಸುತ್ತಿದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಬರುತ್ತದೆ. ಮೊದಲು ಅದು, ಮೇಲೆ ಕರೀ ಟೇಪ್. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ. ಕೇಬಲ್ ಕನೆಕ್ಟರ್‌ಗೆ ಬರುವ ಮೊದಲು ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಗಾಳಿ ಇದ್ದ ದಿನ ಹತ್ತಬೇಡಿ. ಎರಡು ಕೊಕ್ಕೆ ಇರುವ ಬೆಲ್ಟ್ ಬೇಕು, ಒಂದು ಬಿಚ್ಚುವಾಗ ಇನ್ನೊಂದು ಹಾಕಿರಬೇಕು. ಸೊಸೈಟಿ ಸೆಕ್ರೆಟರಿ ಇನ್ನೆರಡು ದಿನ ಕಾಯಲಿ.

ಧಾರವಾಡದಿಂದ

ಗಿಡದ ಮಾತಿಗೆ ಒಂದು ಸೇರಿಸುತ್ತೇನೆ. ಕಣ್ಣಿಗೆ ಆಚೆ ಕಂಡರೆ ಸಾಲದು. ರೇಡಿಯೊ ದಾರಿ ದಾರದಂತೆ ಅಲ್ಲ, ನಡುವೆ ಉಬ್ಬಿದ ಸೌತೆಕಾಯಿಯಂತೆ. ನಿಮ್ಮ 8 ಕಿಲೋಮೀಟರ್‌ನ ನಟ್ಟನಡುವೆ ನೇರ ಗೆರೆಯಿಂದ ಸುತ್ತಲೂ 10 ಮೀಟರ್ ದೂರದವರೆಗೆ ಅದು ಹಬ್ಬಿರುತ್ತದೆ. ಟವರ್‌ನಿಂದ ಒಂದು ಕಿಲೋಮೀಟರ್‌ನಲ್ಲಿ ಸುಮಾರು 6.7 ಮೀಟರ್. ಗೆರೆಯಿಂದ ಈ ದೂರದ ನೂರಕ್ಕೆ 60 ಭಾಗದವರೆಗೆ ಖಾಲಿ ಇದ್ದರೆ ಸಾಕು.

ಕೇಳಿದವರು, ಹನ್ನೆರಡು ದಿನದ ಮೇಲೆ

ತಡವಾಯಿತು, ಮಳೆ ಬಿಡಲಿಲ್ಲ.

ಪಿಗ್‌ಟೇಲ್ ಅದಲು ಬದಲು ಮಾಡಿದೆ, ಇಳಿಕೆ ಇನ್ನೊಂದು ಚೈನ್‌ಗೆ ಹಾರಿತು. ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಪಾಚಿಯಂಥ ಕಿಲುಬು, ಒಂದು ಹನಿ ನೀರು ಕೈ ಮೇಲೆ ಬಿತ್ತು. ಟೇಪ್ ಸುತ್ತಿದವನು ನಾನೇ, ಬೇರೆಯವರನ್ನು ಬೈಯುವಂತಿಲ್ಲ. ಹೊಸ ಪಿಗ್‌ಟೇಲ್ 450 ರೂಪಾಯಿ. ಈಗ ಎರಡೂ ಚೈನ್ -68.

ಮಧ್ಯಾಹ್ನದ ಟೆಸ್ಟ್‌ನಲ್ಲಿ ನಾಯ್ಸ್ ನೇರ -81ಕ್ಕೆ ಹೋಯಿತು. ಸೆಕ್ಟರ್ ಅನ್ನು 5180ಕ್ಕೆ ಇಳಿಸಿ ಅಗಲ 20 ಮಾಡಿದೆ, ಡಿಶ್‌ನಿಂದ ಎಂಟು ಅಡಿ ಕೆಳಗೆ ತಂದೆ. ಐವತ್ತೇಳು ಮನೆ ತಾವಾಗೇ ಹೊಸ ಚಾನೆಲ್‌ಗೆ ಬಂದವು. ಮೂರು ಮನೆಯಲ್ಲಿ ಹಳೇ ಫ್ರೀಕ್ವೆನ್ಸಿ ಲಾಕ್ ಆಗಿತ್ತು, ಏಣಿ ಹೊತ್ತುಕೊಂಡು ಹೋಗಬೇಕಾಯಿತು. ಒಂದು ಮನೆಯಲ್ಲಿ ಚಹಾ ಸಿಕ್ಕಿತು, ಒಂದು ಮನೆಯಲ್ಲಿ ಬೈಗುಳ. ನಿನ್ನೆ ರಾತ್ರಿ ಎಂಟೂವರೆಗೆ 105 ಎಂಬಿಪಿಎಸ್ ಬಂತು.

ಸಾಗವಾನಿ ಮಾತ್ರ ಹಾಗೇ ಇದೆ. ಫೋಟೊದಲ್ಲಿ ಒಂದು ಕಿಲೋಮೀಟರ್ ಆಚೆ ಬದುವಿನ ಮೇಲೆ ಆರು ಗಿಡ ಸಾಲಾಗಿ ಕಾಣುತ್ತವೆ. ಜೋರು ಮಳೆಯಲ್ಲಿ ಈಗಲೂ ಐದು ಇಳಿಯುತ್ತದೆ. ಹೊಲದವರು ದೂರದ ಸಂಬಂಧಿಕರು. ಕಡಿಯುವ ಮಾತು ಎತ್ತಲೇ ಇಲ್ಲ, ಮಗಳ ಮದುವೆಗೆ ಅಂತ ಬೆಳೆಸಿದ ಗಿಡ ಅವು. ಮಳೆ ನಿಂತ ಮೇಲೆ ಟವರ್ ತುದಿಗೆ ಹತ್ತು ಅಡಿ ಪೈಪ್ ಏರಿಸಬೇಕು ಅಂತಿದ್ದೇನೆ.

ಹಾನಗಲ್ ಕಡೆಯಿಂದ

ಪೈಪ್ ಏರಿಸಿದರೆ ಟವರ್ ಎಳೆದು ಹಿಡಿಯುವ ಗೈ ವೈರ್‌ನ ಮೇಲಿನ ಹಂತವೂ ಏರಿಸಬೇಕು, ಬರೀ ಪೈಪ್ ನಿಲ್ಲುವುದಿಲ್ಲ. ದಸರಾ ಆದ ಮೇಲೆ ಹೇಳಿ, ಬರ್ತೀನಿ. ರಬ್ಬರ್ ಟೇಪ್ ಎರಡು ಸುರುಳಿ ತರಿಸಿ ಇಟ್ಟಿರಿ.