ಸುರಂಗದ ನೀರಿನ ಅಧ್ಯಯನ: ಹೊರದೇಶದ ಯೂನಿವರ್ಸಿಟಿ ಜತೆ ಸೇರಲು ಸರ್ಕಾರದ ಫಂಡ್ ಸಿಗುತ್ತಾ?

ಪೆರ್ಲದವ
ನಮಸ್ಕಾರ. ಕಾಸರಗೋಡು ಜಿಲ್ಲೆಯ ಸಣ್ಣ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುತ್ತೇನೆ. ನಮ್ಮ ಕಡೆ ಗುಡ್ಡದೊಳಗೆ ಮುರಕಲ್ಲು ಕೊರೆದು ಮಾಡಿದ ಸುರಂಗಗಳು ಗೊತ್ತಲ್ವಾ, ಪಂಪಿಲ್ಲದೆ ನೀರು ತಾನಾಗಿ ಹರಿದು ಬಂದು ಟಾಂಕಿ ತುಂಬುತ್ತದೆ, ಎಷ್ಟೋ ಅಡಿಕೆ ತೋಟಗಳು ಬೇಸಗೆ ದಾಟುವುದು ಅದರಿಂದಲೇ. ಬೋರ್‌ವೆಲ್ ಜಾಸ್ತಿಯಾದ ಮೇಲೆ ಯಾವುದು ಬತ್ತಿದೆ, ಯಾಕೆ ಬತ್ತಿದೆ ಅಂತ ಅಳೆಯುವ ಆಸೆ. ಇರಾನಿನ ಕನಾತ್‌ಗಳ (ಅಲ್ಲಿನ ಹಳೆಯ ನೀರಿನ ಸುರಂಗಗಳು) ಮೇಲೆ ಕೆಲಸ ಮಾಡಿದ ಯುರೋಪಿನ ಪ್ರೊಫೆಸರ್ ಒಬ್ಬರು ಒಟ್ಟಿಗೆ ಮಾಡೋಣ, ನಿಮ್ಮಲ್ಲಿ ಸರ್ಕಾರದ ಸ್ಕೀಮ್ ಏನಿದೆ ನೋಡಿ ಅಂತ ಮೇಲ್ ಹಾಕಿದ್ದಾರೆ. ನಮ್ಮ ಪ್ರಿನ್ಸಿಪಾಲರು ಮೊದಲು ಎಂಒಯು (ಎರಡು ಸಂಸ್ಥೆಗಳ ಒಪ್ಪಂದಪತ್ರ) ಆಗಲಿ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಹೊಳೆಬದಿ
ಎಂಒಯು ಆಮೇಲೆ ನೋಡಿದರಾಯಿತು ಮಾಷ್ಟ್ರೇ, ಅದರಲ್ಲಿ ದುಡ್ಡಿಲ್ಲ. ದೊಡ್ಡ ದುಡ್ಡು ಇರುವುದು ಸ್ಪಾರ್ಕ್‌ನಲ್ಲಿ, ಹೊರದೇಶದ ಯೂನಿವರ್ಸಿಟಿ ಜತೆ ಸಂಶೋಧನೆಗೆ 2018ರಲ್ಲಿ ಕೇಂದ್ರ ತಂದ ಸ್ಕೀಮ್, ಉಸ್ತುವಾರಿ ಐಐಟಿ ಖರಗ್‌ಪುರದ್ದು. ಆದರೆ ಈ ಕಡೆಯ ಸಂಸ್ಥೆ ಎನ್‌ಐಆರ್‌ಎಫ್ ಅನ್ನುವ ಕೇಂದ್ರದ ರ‍್ಯಾಂಕ್ ಪಟ್ಟಿಯ ಮೊದಲ 100ರಲ್ಲಿರಬೇಕು, ಆ ಕಡೆಯದು ಕ್ಯೂಎಸ್ ಅನ್ನುವ ಜಾಗತಿಕ ರ‍್ಯಾಂಕ್ ಪಟ್ಟಿಯ ಮೊದಲ 500ರಲ್ಲೋ ಅಥವಾ ಆ ವಿಷಯದ ಮೊದಲ 200ರಲ್ಲೋ ಇರಬೇಕು ಅನ್ನುವ ಲೆಕ್ಕದಲ್ಲಿ ಶುರುವಾದ ಸ್ಕೀಮ್ ಅದು. ಸಣ್ಣ ಕಾಲೇಜಿನವರು ಸುಮ್ನೆ ಅರ್ಜಿ ಬರೆದು ಕೂತರೆ ಏನೂ ಆಗದು. ನಿಮಗೆ ಹತ್ತಿರದ ದಾರಿ ಸುರತ್ಕಲ್‌ನ ಎನ್‌ಐಟಿಕೆ, ತಲಪಾಡಿ ದಾಟಿ ಮಂಗಳೂರು ಕಳೆದರೆ ಬಂತು, ಜಲಸಂಪನ್ಮೂಲಕ್ಕೇ ಒಂದು ವಿಭಾಗ ಇದೆ. ಅವರು ಮುಂದೆ ನಿಲ್ಲಲಿ, ನೀವು ಜೊತೆಗಿರಿ. ಆದರೆ ಲೆಕ್ಕಕ್ಕುಂಟು ಆಟಕ್ಕಿಲ್ಲ ಅಂತಾಗಬಾರದು: ಅಳತೆಯ ಕೆಲಸ ಯಾರದು, ಲೇಖನದಲ್ಲಿ ನಿಮ್ಮ ಹೆಸರು ಎಲ್ಲಿ, ನಿಮ್ಮ ವಿದ್ಯಾರ್ಥಿಯ ಸ್ಟೈಪೆಂಡ್ ಯಾವ ಲೆಕ್ಕದಿಂದ, ಎಲ್ಲ ಅರ್ಜಿಯಲ್ಲೇ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಅಂದಹಾಗೆ ಪ್ರೊಫೆಸರ್ ಯಾವ ದೇಶದವರು? ಫ್ರಾನ್ಸ್ ಆದರೆ ಎರಡು ದೇಶಗಳ ಜಂಟಿ ಸಂಶೋಧನೆಗೆ ದುಡ್ಡು ಕೊಡುವ ಸೆಫಿಪ್ರಾ 1987ರಿಂದ ಇದೆ.

ಪೆರ್ಲದವ
ಜರ್ಮನಿ ಸರ್.

ಮೀಯಪದವು ಮೀನಾ
ಹಾಗಾದರೆ ಸ್ಪಾರ್ಕ್ ಹಿಂದೆ ಓಡುವ ಮೊದಲು ಡಿಎಸ್‌ಟಿ-ಡಾಡ್ ನೋಡಿ. ನಮ್ಮ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಮತ್ತು ಜರ್ಮನಿಯ ವಿನಿಮಯ ಸಂಸ್ಥೆ ಡಾಡ್ ಸೇರಿ ಕೊಡುವ ಗ್ರಾಂಟ್ ಅದು, ಓಡಾಟ ಮತ್ತು ವಾಸದ ಖರ್ಚಿಗೆ ಮಾತ್ರ, ಅವರದ್ದನ್ನು ಡಾಡ್ ನೋಡಿಕೊಳ್ಳುತ್ತದೆ, ನಮ್ಮದನ್ನು ಡಿಎಸ್‌ಟಿ. ಎರಡೂ ಕಡೆಯಿಂದ ಅರ್ಜಿ ಹೋಗಬೇಕು, ಒಬ್ಬರೇ ಹಾಕಿದರೆ ಲೆಕ್ಕಕ್ಕಿಲ್ಲ. ಯಂತ್ರಕ್ಕೆ ದುಡ್ಡಿಲ್ಲ ಅಂತ ಹೆಚ್ಚಿನವರು ಮೂಗು ಮುರಿಯುತ್ತಾರೆ, ಆದರೆ ನಿಮಗೆ ಯಂತ್ರ ಯಾಕೆ? ಸುರಂಗದ ಬಾಯಲ್ಲಿ ಹತ್ತು ಲೀಟರಿನ ಬಕೆಟ್ ಇಟ್ಟು ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡಿ ಬರೆದುಕೊಂಡರೆ ಹರಿವು ಸಿಕ್ಕಿತು. ಈ ಬೇಸಗೆಯಲ್ಲೇ ಅಕ್ಕಪಕ್ಕದ ತೋಟಗಳಲ್ಲಿ ವಾರಕ್ಕೊಮ್ಮೆ ಮಾಡಿಸಿ, ಆ ಪಟ್ಟಿಯನ್ನೇ ಅರ್ಜಿಗೆ ಲಗತ್ತಿಸಿ. ಜರ್ಮನಿಯವರು ಬರುವುದೂ ಮಾರ್ಚ್‌ನಿಂದ ಮೇ ಒಳಗೆ ಆಗಲಿ. ಜೂನಲ್ಲಿ ಬಂದರೆ ಎಲ್ಲ ಸುರಂಗದಲ್ಲೂ ನೀರೇ, ಏನು ಅಳೆಯುತ್ತೀರಿ?

ಇನ್ನೊಂದು. ಡ್ರೋನ್ ಹಾರಿಸಿ ನಕ್ಷೆ ಮಾಡೋಣ ಅಂತ ಅವರು ಹೇಳಿಯೇ ಹೇಳುತ್ತಾರೆ. ಕೇಂದ್ರದ 2021ರ ಮಾರ್ಗಸೂಚಿ ಪ್ರಕಾರ ಒಂದು ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಯ ಡೇಟಾ ಭಾರತೀಯರ ಹೆಸರಲ್ಲಿ, ಭಾರತದಲ್ಲೇ ಇರಬೇಕು. ನೀರಿನ ಬ್ಯಾಕ್ಟೀರಿಯಾ ಅಲ್ಲಿಗೆ ಕಳಿಸುವುದಾದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ, ಅನುಮತಿ ಕೊಡುವ ಪ್ರಾಧಿಕಾರ ಚೆನ್ನೈಯಲ್ಲಿದೆ. ನಿಮ್ಮ ಪ್ರಶ್ನೆ ಹರಿವಿನದ್ದು ತಾನೇ, ಬ್ಯಾಕ್ಟೀರಿಯಾದ ವಿಷಯ ಕೈಬಿಡಿ.

ಹೊಳೆಬದಿ
ಬಕೆಟ್ ಮಾತು ಸರಿ. ಸುರಂಗ ತೋಡುವ ಹಿರಿಯರ ಹತ್ತಿರ ತುಳುವಿನಲ್ಲಿ ಮಾತಾಡಬೇಕಾಗುತ್ತದೆ, ಅವರ ದಿನಗೂಲಿಯನ್ನೂ ಎಲ್ಲಿಂದ ಕೊಡುತ್ತೀರಿ ಅಂತ ಈಗಲೇ ಯೋಚಿಸಿ. ಓಡಾಟದ ಗ್ರಾಂಟಲ್ಲಿ ಅದಕ್ಕೆ ಜಾಗ ಇಲ್ಲ.

ಪೆರ್ಲದವ
ದಿನಗೂಲಿ ಕಾಲೇಜಿನ ಸೀಡ್ ಮನಿಯಿಂದ (ಸಂಶೋಧನೆ ಶುರು ಮಾಡಲು ಕೊಡುವ ಸಣ್ಣ ಹಣ) ಆಗುತ್ತಾ ಅಂತ ಸೋಮವಾರ ಕೇಳುತ್ತೇನೆ. ಮೀನಾ ಅಕ್ಕ, ಡಾಡ್ ಅರ್ಜಿ ಹಿಂದೆ ಹಾಕಿದವರು ಯಾರಾದರೂ ಪರಿಚಯ ಇದ್ದರೆ ಮೆಸೇಜ್ ಮಾಡುತ್ತೀರಾ?